ಕಾರು ಮೇಲೇರೋ ಮುಂಚೆ ನೆಲ ನೋಡಿ

ಕಳೆದ ಫೆಬ್ರವರಿಯ ಒಂದು ಶನಿವಾರ. ಹೊರಗೆ ಮೈನಸ್ ಎಂಟು ಡಿಗ್ರಿ. ನಾನು ನಮ್ಮ ಮನೆ ಗ್ಯಾರೇಜಿನಲ್ಲಿ, ಕಾರಿನ ಅಡಿಯಲ್ಲಿ, ಒಂದು ರಟ್ಟಿನ ಡಬ್ಬ ಬಿಚ್ಚಿ ಹಾಸ್ಕೊಂಡು ಅಂಗಾತ ಮಲಗಿದ್ದೆ. ಬ್ರೇಕ್ ಪೈಪಿನ ಒಂದು ನಟ್ ಬಿಚ್ಚಬೇಕಿತ್ತು, ಅಷ್ಟೇ. ಅದು ತುಕ್ಕು ಹಿಡಿದು ಕಚ್ಕೊಂಡಿತ್ತು. ಎರಡೂ ಕೈಯಲ್ಲಿ ಸ್ಪ್ಯಾನರ್ ಹಿಡಿದು ಜೋರಾಗಿ ಎಳೆದೆ.

ನಟ್ ಅಲ್ಲಾಡಲಿಲ್ಲ. ಕಾರು ಅಲ್ಲಾಡಿತು.

ಬಿದ್ದಿಲ್ಲ. ಜಾಕ್ ಸ್ಟ್ಯಾಂಡುಗಳ ಮೇಲೆ ಒಂದು ಬೆರಳಿನಷ್ಟು ಪಕ್ಕಕ್ಕೆ ಸರಿಯಿತು, ಅಷ್ಟೇ. ನಾನು ಹೇಗೆ ಹೊರಗೆ ಬಂದೆ ಅನ್ನೋದು ಈಗಲೂ ನೆನಪಿಲ್ಲ. ಬಾಗಿಲಲ್ಲಿ ಟೀ ಲೋಟ ಹಿಡಿದು ನಿಂತಿದ್ದ ಹೆಂಡತಿ ಎಲ್ಲಾ ನೋಡಿದ್ದಳು. ಬೈಯಲಿಲ್ಲ. "ಒಂದೋ ಇದನ್ನ ಬಿಟ್ಬಿಡು, ಇಲ್ಲಾ ಸರಿಯಾಗಿ ಮಾಡು. ಮಧ್ಯದ್ದು ಬೇಡ" ಅಂದಳು.

ಆ ಮಾತಿನಿಂದ ಶುರುವಾದ ಕೆಲಸ ಮುಗಿಯೋಕೆ ಐದು ತಿಂಗಳು ಹಿಡೀತು. ಈಗ ನಮ್ಮ ಗ್ಯಾರೇಜಿನಲ್ಲಿ ಎರಡು ಕಂಬದ ಕಾರ್ ಲಿಫ್ಟ್ ಇದೆ. ಸರ್ವಿಸ್ ಸೆಂಟರ್‌ನಲ್ಲಿ ನೋಡಿರ್ತೀರಲ್ಲ, ಎರಡು ಕಡೆ ಕಬ್ಬಿಣದ ಕಂಬ, ನಾಲ್ಕು ತೋಳು, ಕಾರು ತಲೆ ಮೇಲೆ ಹೋಗಿ ನಿಲ್ಲತ್ತೆ, ಅದೇ. ಇದನ್ನ ಕೂರಿಸೋದು ಎಂದರೆ ಒಂದು ಮಷಿನ್ ತಂದು ಬೋಲ್ಟ್ ಹಾಕೋದು ಅಂದ್ಕೊಂಡಿದ್ದೆ. ಕೆಲಸದ ಮುಕ್ಕಾಲು ಭಾಗ ಇದ್ದದ್ದು ಕಣ್ಣಿಗೆ ಕಾಣದ ಜಾಗದಲ್ಲಿ, ನೆಲದೊಳಗೆ.

ನಾನು ಯಾರು, ಈ ಹುಚ್ಚು ಎಲ್ಲಿಂದ ಬಂತು

ನಾನಿರೋದು ಅಮೆರಿಕದ ಮಿಷಿಗನ್ ರಾಜ್ಯದಲ್ಲಿ, ಡೆಟ್ರಾಯಿಟ್ ಪಕ್ಕದ ಒಂದು ಊರು. ಓದಿದ್ದು ಎಲೆಕ್ಟ್ರಾನಿಕ್ಸ್ ಎಂಜಿನಿಯರಿಂಗ್, ಹೊಟ್ಟೆಪಾಡು ಕಾರಿನೊಳಗಿನ ಸಾಫ್ಟ್‌ವೇರ್. ದಿನವಿಡೀ ಬ್ರೇಕಿನ ಕೋಡ್ ಬರೀತೀನಿ, ಆದರೆ ನಿಜವಾದ ಬ್ರೇಕ್ ಮುಟ್ಟಬೇಕಂದ್ರೆ ಮನೆಗೇ ಬರಬೇಕು.

ಇಲ್ಲಿ ಚಳಿಗಾಲದಲ್ಲಿ ಹಿಮ ಕರಗಲಿ ಅಂತ ರಸ್ತೆಗೆ ಉಪ್ಪು ಸುರೀತಾರೆ. ಆ ಉಪ್ಪುನೀರು ಕಾರಿನ ಹೊಟ್ಟೆಗೆ ಹಾರಿ, ಬ್ರೇಕ್ ಪೈಪು, ಸೈಲೆನ್ಸರು, ಚಾಸಿ ಎಲ್ಲವನ್ನೂ ನಿಧಾನಕ್ಕೆ ತಿಂದು ಹಾಕತ್ತೆ. ಮೇಲಿಂದ ಕಾರು ಫಳಫಳ ಅಂತಿರತ್ತೆ, ಕೆಳಗಿಂದ ನೋಡಿದವರಿಗೇ ಸತ್ಯ ಗೊತ್ತು.

ಅಪ್ಪ ಮೆಕ್ಯಾನಿಕ್. ತಿಪಟೂರಿನಿಂದ ಅರಸೀಕೆರೆ ಕಡೆ ಹೋಗೋ ರಸ್ತೆಯಲ್ಲಿ ಶೀಟ್ ಹೊದಿಸಿದ ಸಣ್ಣ ಗ್ಯಾರೇಜು. ಕೊಬ್ಬರಿ ಲಾರಿ, ಜೀಪು, ಅಂಬಾಸಿಡರ್, ಏನು ಬಂದರೂ ಸೈ. ಲಿಫ್ಟ್ ಗಿಫ್ಟ್ ಏನಿಲ್ಲ, ಎದೆಯುದ್ದ ಆಳದ ಒಂದು ಗುಂಡಿ. ಗಾಡಿ ಅದರ ಮೇಲೆ ಬರತ್ತೆ, ಅಪ್ಪ ಒಳಗಿಳೀತಾರೆ. ಮಿಕ್ಕ ಕೆಲಸಕ್ಕೆ ಜಾಕು, ಮರದ ತುಂಡು, ದೇವರ ದಯೆ.

ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಒಂದು ಮಳೆಗಾಲದ ಮಧ್ಯಾಹ್ನ, ಜಾಕಿನ ಮೇಲಿದ್ದ ಜೀಪು ವಾಲಿತು. ಅಪ್ಪನ ಎಡಗೈ ಸಿಕ್ಕಿಕೊಂಡಿತು. ಇವತ್ತಿಗೂ ಅವರ ಎರಡು ಬೆರಳು ಪೂರ್ತಿ ಮಡಚಲ್ಲ. ಊರವರೆಲ್ಲ ಜಾಕನ್ನೇ ಬೈದರು. ಅಪ್ಪ ಮಾತ್ರ ಅವತ್ತಿಂದ ಇವತ್ತಿನವರೆಗೂ ಒಂದೇ ಮಾತು: "ಜಾಕ್ ಚೆನ್ನಾಗೇ ಇತ್ತು ಕಣೋ. ನೆಲ ಕೈ ಕೊಡ್ತು."

ಎರಡೇ ಕಂಬ ಯಾಕೆ?

ಲಿಫ್ಟ್‌ಗಳಲ್ಲಿ ಹಲವು ಬಗೆ. ನಾಲ್ಕು ಕಂಬದ್ದರಲ್ಲಿ ಕಾರು ತನ್ನ ಚಕ್ರದ ಮೇಲೇ ನಿಂತಿರತ್ತೆ. ಒಂದರ ಮೇಲೊಂದು ಎರಡು ಕಾರು ನಿಲ್ಲಿಸೋಕೆ ಇದು ಬೆಸ್ಟು. ಆದರೆ ಚಕ್ರ ಬಿಚ್ಚಿ ಬ್ರೇಕ್, ಸಸ್ಪೆನ್ಶನ್ ಕೆಲಸ ಮಾಡಬೇಕಂದ್ರೆ ಹೆಚ್ಚುವರಿ ಜಾಕ್ ಬೇಕು. ಕತ್ತರಿಯಂತೆ ಮಡಚೋ ಸಿಸರ್ ಲಿಫ್ಟ್ ಜಾಗ ಉಳಿಸತ್ತೆ, ಆದರೆ ಬಹಳಷ್ಟರಲ್ಲಿ ಅದರದ್ದೇ ಮೈ ಕಾರಿನ ನಡುವಿಗೆ ಅಡ್ಡ ಬರತ್ತೆ.

ಎರಡು ಕಂಬದ್ದರಲ್ಲಿ ನಾಲ್ಕು ತೋಳು ಕಾರಿನ ಚಾಸಿಯನ್ನ ಹಿಡಿದು ಎತ್ತತ್ತೆ. ಚಕ್ರ ನೇತಾಡ್ತಿರತ್ತೆ, ಅಡಿಯಲ್ಲಿ ಪೂರ್ತಿ ಖಾಲಿ. ಕೆಲಸ ಮಾಡೋರಿಗೆ ಇದೇ ಸ್ವರ್ಗ. ಆದರೆ ಇಡೀ ಭಾರ ಎರಡೇ ಕಂಬದ ಬುಡಕ್ಕೆ ಬೀಳತ್ತೆ. ನಾಲ್ಕು ಕಂಬದ್ದು ಮಂಚದ ಹಾಗೆ ತಾನೇ ನಿಲ್ಲತ್ತೆ. ಎರಡು ಕಂಬದ್ದನ್ನ ನೆಲ ಹಿಡ್ಕೊಂಡಿರಬೇಕು.

ಇದರಲ್ಲೂ ಎರಡು ಜಾತಿ. ಒಂದರಲ್ಲಿ ಎರಡೂ ಕಂಬವನ್ನ ಸೇರಿಸೋ ಕೇಬಲ್ಲು, ಆಯಿಲ್ ಪೈಪು ತಲೆ ಮೇಲಿನ ತೊಲೆಯಲ್ಲಿ ಹೋಗತ್ತೆ. ನೆಲ ಸಪಾಟಾಗಿರತ್ತೆ, ಆದರೆ ಎತ್ತರ ಸುಮಾರು ಹನ್ನೆರಡು ಅಡಿ ಬೇಕು. ಇನ್ನೊಂದರಲ್ಲಿ ಅವೆಲ್ಲ ನೆಲದ ಮೇಲಿನ ಒಂದು ಉಕ್ಕಿನ ತಟ್ಟೆಯಡಿ ಹೋಗತ್ತೆ. ಒಂದು ಸಣ್ಣ ಉಬ್ಬು ದಾಟಬೇಕು, ಕಂಬದ ಎತ್ತರ ಒಂಬತ್ತೂವರೆ ಅಡಿಯ ಆಸುಪಾಸು.

ನಮ್ಮ ಗ್ಯಾರೇಜಿನ ಎತ್ತರ 11 ಅಡಿ, ಅಂದರೆ 335 ಸೆಂಟಿಮೀಟರ್. ಹಾಗಾಗಿ ಎರಡನೇ ಜಾತಿ. ಲೆಕ್ಕ ಸುಲಭ. ಲಿಫ್ಟ್ ಎತ್ತೋದು ಸುಮಾರು 180 ಸೆಂ.ಮೀ., ನನ್ನ ಕಾರಿನ ಎತ್ತರ 145. ಕೂಡಿದರೆ 325. ಉಳಿದದ್ದು ಬರೀ 10 ಸೆಂ.ಮೀ. ಅದರಲ್ಲಿ ಟ್ಯೂಬ್‌ಲೈಟ್ ಬೇರೆ ಇತ್ತು, ಗೋಡೆಗೆ ಸರಿಸಿದೆ.

ಮರೆತೇಬಿಟ್ಟಿದ್ದ ಇನ್ನೊಂದು ವಿಷಯ ಗ್ಯಾರೇಜಿನ ಬಾಗಿಲು. ಇಲ್ಲಿ ಬಾಗಿಲು ಮೇಲಕ್ಕೆ ಸರಿದು ಸೂರಿನ ಕೆಳಗೆ ಅಡ್ಡಡ್ಡ ಮಲಗತ್ತೆ. ಕಾರು ಮೇಲೇರಿದರೆ ನೇರ ಅದಕ್ಕೇ ಡಿಕ್ಕಿ! ಹಳಿಗಳನ್ನ ಎತ್ತರಿಸಿ, ಮೋಟರನ್ನ ಗೋಡೆಗೆ ಬದಲಾಯಿಸಬೇಕಾಯ್ತು. ನೀವು ಎತ್ತರ ಅಳೆಯೋವಾಗ ಬಾಗಿಲು ತೆರೆದಿಟ್ಟು ಅಳೀರಿ.

ಲಿಫ್ಟ್ ಆರಿಸೋವಾಗ ನಾನು ಪಟ್ಟು ಹಿಡಿದಿದ್ದು ಒಂದಕ್ಕೇ: ಆಟೋಮೋಟಿವ್ ಲಿಫ್ಟ್ ಇನ್‌ಸ್ಟಿಟ್ಯೂಟ್‌ನ ಪ್ರಮಾಣಪತ್ರದ ಲೇಬಲ್ ಇರಬೇಕು. ಉತ್ತರ ಅಮೆರಿಕದಲ್ಲಿ ಲಿಫ್ಟ್‌ಗಳನ್ನ ಮಾನದಂಡದ ಪ್ರಕಾರ ಪರೀಕ್ಷಿಸಿ ಒಪ್ಪಿದ್ದಕ್ಕೆ ಅಂಟಿಸೋ ಚೀಟಿ ಅದು. ಚೀಟಿ ಇಲ್ಲದ್ದು ಸಾವಿರ ಡಾಲರ್ ಕಮ್ಮಿಗೆ ಸಿಗ್ತಿತ್ತು. ಆ ಸಾವಿರ ಡಾಲರ್ ಉಳಿಸಿ ಅದರ ಅಡಿಯಲ್ಲಿ ನಿಲ್ಲೋಕೆ ಧೈರ್ಯ ಬರಲಿಲ್ಲ.

ಅಪ್ಪನ ಒಂದೇ ಪ್ರಶ್ನೆ

ಮಾರ್ಚ್‌ನಲ್ಲಿ ಎಲ್ಲಾ ಪಕ್ಕಾ ಆಯ್ತು ಅಂತ ಅಪ್ಪಂಗೆ ವಿಡಿಯೊ ಕಾಲ್ ಮಾಡಿದೆ. ಮೋಟರ್ ಎಷ್ಟು, ತೋಳು ಎಷ್ಟುದ್ದ, 4,500 ಕಿಲೋ ಎತ್ತತ್ತೆ ಅಂತೆಲ್ಲ ಹತ್ತು ನಿಮಿಷ ಹೇಳಿದೆ. ಎಲ್ಲಾ ಕೇಳಿಸ್ಕೊಂಡು ಅಪ್ಪ ಕೇಳಿದ್ದು: "ನೆಲ ಎಷ್ಟು ದಪ್ಪ ಇದೆ?"

"ನಾಲ್ಕು ಇಂಚು. ಮನೆ ಪ್ಲಾನಲ್ಲಿ ಬರ್ದಿದೆ."

"ಪ್ಲಾನ್ ಬೇಡ. ನೋಡಿದ್ಯಾ?"

ನೋಡಿರಲಿಲ್ಲ. ಕೈಪಿಡಿಯಲ್ಲಿ ಸ್ಪಷ್ಟವಾಗಿ ಬರೆದಿತ್ತು: ಕನಿಷ್ಠ ನಾಲ್ಕೂಕಾಲು ಇಂಚು ದಪ್ಪ, 3,000 ಪಿಎಸ್‌ಐ ಬಲದ ಕಾಂಕ್ರೀಟು. ನಮ್ಮ ಕಡೆ ಲೆಕ್ಕದಲ್ಲಿ ಹೇಳೋದಾದ್ರೆ ಹತ್ತಿರಹತ್ತಿರ ಎಂ-25. ಕಾಲು ಇಂಚು ತಾನೇ, ನಡೆಯತ್ತೆ ಅಂತ ನಾನೇ ನನಗೆ ಹೇಳ್ಕೊಂಡಿದ್ದೆ.

ಅಳೆಯೋ ವಿಧಾನ ಸರಳ. ಹ್ಯಾಮರ್ ಡ್ರಿಲ್ ತಗೊಂಡು ಸಣ್ಣ ತೂತು ಆರಪಾರ ಕೊರೀರಿ. ಗಟ್ಟಿ ತಂತಿಯ ತುದಿಯನ್ನ ಕೊಕ್ಕೆ ಥರ ಬಗ್ಗಿಸಿ ಒಳಗೆ ಬಿಟ್ಟು, ಕಾಂಕ್ರೀಟಿನ ಅಡಿ ಅಂಚಿಗೆ ಸಿಗೋ ಹಾಗೆ ಮೇಲೆಳೆದು, ನೆಲದ ಮಟ್ಟಕ್ಕೆ ಗುರುತು ಹಾಕಿ ಅಳೀರಿ. ಆದರೆ ಕೊರೆಯೋ ಮುಂಚೆ ನೆಲದೊಳಗೆ ಬಿಸಿನೀರಿನ ಪೈಪು, ವೈರು ಇಲ್ಲ ಅಂತ ಖಾತ್ರಿ ಮಾಡ್ಕೊಬೇಕು.

ಇಲ್ಲೊಂದು ಎಚ್ಚರಿಕೆ. ಡಲ್ಲಾಸ್‌ನಲ್ಲಿರೋ ನನ್ನ ಗೆಳೆಯನಿಗೂ ಲಿಫ್ಟ್ ಆಸೆ ಇತ್ತು. ಅವನ ಗ್ಯಾರೇಜಿನ ನೆಲದಲ್ಲಿ ಒಂದು ಮುದ್ರೆ ಒತ್ತಿದೆ: ಕೊರೆಯಬೇಡಿ, ಕತ್ತರಿಸಬೇಡಿ. ಟೆಕ್ಸಾಸ್‌ನ ಜೇಡಿಮಣ್ಣು ಹಿಗ್ಗಿ ಕುಗ್ಗತ್ತೆ. ಅದಕ್ಕೆ ಅಲ್ಲಿ ಎಷ್ಟೋ ಮನೆಗಳ ತಳದ ಕಾಂಕ್ರೀಟಿನೊಳಗೆ ಉಕ್ಕಿನ ಕೇಬಲ್ ಹಾಕಿ ಭಾರೀ ಬಲದಲ್ಲಿ ಎಳೆದು ಬಿಗಿದಿರ್ತಾರೆ. ಅದಕ್ಕೆ ಡ್ರಿಲ್ ತಾಗಿದರೆ ಕೇಬಲ್ ಸಿಡಿದು ಪ್ರಾಣಕ್ಕೇ ಅಪಾಯ, ಮನೆಯ ತಳಕ್ಕೂ ಪೆಟ್ಟು. ಅವನು ಆಸೆ ಕೈಬಿಟ್ಟ. ಸರಿಯಾದ ನಿರ್ಧಾರ.

ನಮ್ಮನೆಯಲ್ಲಿ ಅಂಥದ್ದೇನೂ ಇಲ್ಲ ಅಂತ ಖಚಿತಪಡಿಸ್ಕೊಂಡು ಮೂರು ತೂತು ಕೊರೆದೆ. ಮೊದಲನೆಯದು ನಾಲ್ಕು ಇಂಚು. ಎರಡನೆಯದು ಮೂರೂಮುಕ್ಕಾಲು. ಬಲಗಡೆ ಕಂಬ ನಿಲ್ಲಬೇಕಾದ ಜಾಗದ ಮೂರನೆಯದು ಮೂರೂಕಾಲು. ಅಷ್ಟೇ ಅಲ್ಲ, ಅಲ್ಲಿ ತಂತಿ ಇನ್ನೂ ಕೆಳಗೆ ಇಳೀತು. ಕಾಂಕ್ರೀಟಿಗೂ ಮಣ್ಣಿಗೂ ನಡುವೆ ಅರ್ಧ ಇಂಚು ಖಾಲಿ! ಕೆಳಗಿನ ಮಣ್ಣು ವರ್ಷಗಳಲ್ಲಿ ಕುಸಿದಿತ್ತು. ಮೇಲಿಂದ ನೋಡಿದರೆ ಒಂದು ಬಿರುಕೂ ಇರಲಿಲ್ಲ.

ಕಾಲು ಇಂಚಿನ ಲೆಕ್ಕ

ಸಹೋದ್ಯೋಗಿಯೊಬ್ಬ ನಕ್ಕ. "ನಮ್ಮನೇದೂ ಹಾಗೇ ಇದೆ. ಐದು ವರ್ಷ ಆಯ್ತು, ಏನೂ ಆಗಿಲ್ಲ." ಮಾತು ಕೇಳೋಕೆ ಎಷ್ಟು ಹಿತ! ಒಂದು ರಾತ್ರಿ ಪೂರ್ತಿ ಆ ಮಾತಿನ ಮೇಲೇ ಮಲಗಿದ್ದೆ.

ಬೆಳಿಗ್ಗೆ ಎದ್ದು ಪೇಪರ್ ಪೆನ್ ತಗೊಂಡೆ. ನೀವೂ ಲೆಕ್ಕ ಹಾಕಿ. ಕಾರು 1,600 ಕಿಲೋ ಅನ್ನಿ. ಒಂದೊಂದು ಕಂಬಕ್ಕೆ 800. ಆದರೆ ಈ 800 ಕಿಲೋ ಕಂಬದ ನೆತ್ತಿ ಮೇಲೆ ಕೂತಿಲ್ಲ. ತೋಳಿನ ತುದಿಯಲ್ಲಿ, ಕಂಬದಿಂದ ಸುಮಾರು 70 ಸೆಂ.ಮೀ. ಆಚೆ ನೇತಾಡ್ತಿದೆ. ಕೈ ಚಾಚಿ ಬಿಂದಿಗೆ ಹಿಡಿದ ಹಾಗೆ. ಅಂದರೆ ಕಂಬವನ್ನ ಕಾರಿನ ಕಡೆಗೆ ಬಗ್ಗಿಸೋ ಶಕ್ತಿ 800 ಗುಣಿಸು 0.7, ಅಂದರೆ 560 ಕಿಲೋ-ಮೀಟರ್. ಕಂಬದ ಬುಡದ ತಟ್ಟೆ ಸುಮಾರು 40 ಸೆಂ.ಮೀ. ಅಗಲ. ಆ ಬಗ್ಗಿಸೋ ಶಕ್ತಿಯನ್ನ ತಡೆಯೋಕೆ ಹಿಂಬದಿಯ ಬೋಲ್ಟುಗಳು ನೆಲವನ್ನ ಹಿಡಿದೆಳೆಯಬೇಕು. 560 ಭಾಗಿಸು 0.4, ಅಂದರೆ 1,400 ಕಿಲೋ.

ಇದು ಸ್ಥೂಲ ಲೆಕ್ಕ, ನಿಜವಾದ ವಿನ್ಯಾಸದಲ್ಲಿ ಇನ್ನೂ ಎಷ್ಟೋ ಅಂಶ ಇರತ್ತೆ. ಆದರೂ ಇದು ಹೇಳೋ ವಿಷಯ ದೊಡ್ಡದು. ಕಾರು ಕೆಳಕ್ಕೆ ಒತ್ತುತ್ತಿದ್ದರೂ ಹಿಂದಿನ ಬೋಲ್ಟು ಮೇಲಕ್ಕೆ ಕಿತ್ತುಬರೋಕೆ ನೋಡ್ತಿರತ್ತೆ. ಕಾರಿನ ಭಾರ ಕಂಬವನ್ನ ನೆಲಕ್ಕೆ ಒತ್ತಿ ಹಿಡಿಯತ್ತೆ ಅನ್ನೋದು ನನ್ನ ತಪ್ಪು ಕಲ್ಪನೆಯಾಗಿತ್ತು.

ಈ ಬೋಲ್ಟುಗಳಿಗೆ ವೆಜ್ ಆಂಕರ್ ಅಂತಾರೆ. ಮುಕ್ಕಾಲು ಇಂಚು ದಪ್ಪ. ನಟ್ ಬಿಗಿ ಮಾಡ್ತಾ ಹೋದ ಹಾಗೆ ಕೆಳತುದಿಯ ಬಳೆ ಹಿಗ್ಗಿ ಕಾಂಕ್ರೀಟಿನ ಗೋಡೆಗೆ ಕಚ್ಕೊಳತ್ತೆ. ಮಿತಿ ಮೀರಿ ಎಳೆದರೆ ಸಾಮಾನ್ಯವಾಗಿ ಬೋಲ್ಟ್ ತುಂಡಾಗೋದಕ್ಕಿಂತ ಮೊದಲೇ ಕಾಂಕ್ರೀಟು ಆಲಿಕೆ ಆಕಾರದಲ್ಲಿ ಕಿತ್ತು ಬರತ್ತೆ. ಆಂಕರ್ ಎಷ್ಟು ಆಳ ಹೋಗಿದೆಯೋ ಅಷ್ಟು ದೊಡ್ಡ ಆಲಿಕೆ, ಅಷ್ಟು ಹಿಡಿತ. ಮೂರೂಕಾಲು ಇಂಚಿನ, ಕೆಳಗೆ ಟೊಳ್ಳಾದ ನೆಲದಲ್ಲಿ ಅದು ಹಿಡಿಯೋದಾದರೂ ಏನನ್ನ?

ಸಾಫ್ಟ್‌ವೇರಿನಲ್ಲಿ "ನನ್ನ ಮಷಿನ್‌ನಲ್ಲಿ ಸರಿಯಾಗಿ ಓಡತ್ತೆ" ಅನ್ನೋ ಮಾತು ಕೇಳಿ ನಗ್ತೀವಿ. ಸಹೋದ್ಯೋಗಿ ಹೇಳಿದ್ದೂ ಅದೇ. ಅಲ್ಲಿ ಕ್ರ್ಯಾಶ್ ಆದರೆ ರೀಸ್ಟಾರ್ಟ್ ಮಾಡಬಹುದು, ಇಲ್ಲಿ ಆಗಲ್ಲ.

54 ಮೂಟೆ, 28 ದಿನ

ನಿರ್ಧಾರ ಆಯ್ತು. ಎರಡೂ ಕಂಬದ ಜಾಗದಲ್ಲಿ ನೆಲ ಕತ್ತರಿಸಿ ಹೊಸ ಪಾಯ ಹಾಕೋದು. ಲಿಫ್ಟ್ ತಯಾರಕರಿಂದ ಪಾಯದ ಅಳತೆ ತರಿಸ್ಕೊಂಡು, ಒಬ್ಬ ಸ್ಟ್ರಕ್ಚರಲ್ ಎಂಜಿನಿಯರ್‌ಗೆ ತೋರಿಸಿ, ನಗರಸಭೆಯ ಕಟ್ಟಡ ವಿಭಾಗದಲ್ಲಿ ಪರವಾನಗಿಗೆ ಅರ್ಜಿ ಹಾಕಿದೆ. ಮನೆ ವಿಮೆಯವರಿಗೂ ಮುಂಚೆಯೇ ಬರೆದು ಕೇಳಿದೆ. ಇದೆಲ್ಲ ಬೇಸರದ ಕೆಲಸ, ಆದರೆ ಬಿಡಬೇಡಿ.

ಒಂದೊಂದು ಗುಂಡಿ ನಾಲ್ಕಡಿ ಉದ್ದ, ನಾಲ್ಕಡಿ ಅಗಲ, ಒಂದಡಿ ಆಳ. ಬಾಡಿಗೆಗೆ ತಂದ ಕಾಂಕ್ರೀಟ್ ಗರಗಸಕ್ಕೆ ನೀರು ಬಿಟ್ಟುಕೊಂಡೇ ಕತ್ತರಿಸಿದೆ. ಒಣಗಿದ್ದಂತೆ ಕತ್ತರಿಸಿದರೆ ಏಳೋ ಸಿಲಿಕಾ ಧೂಳು ಶ್ವಾಸಕೋಶಕ್ಕೆ ವಿಷ. ನೀರಿದ್ದರೂ ಒಳ್ಳೆ ಮಾಸ್ಕ್ ಬೇಕೇ ಬೇಕು. ಮಣ್ಣು ತೆಗೆದು, ತಳ ಗುದ್ದಿ ಗಟ್ಟಿ ಮಾಡಿ, ಕಬ್ಬಿಣದ ಜಾಲ ಕಟ್ಟಿ, ಹಳೇ ನೆಲದ ಅಂಚಿಗೂ ಸರಳು ಹಾಯಿಸಿ ಎಪಾಕ್ಸಿ ತುಂಬಿದೆ.

ಆಮೇಲೆ ಕಾಂಕ್ರೀಟು. ಎರಡು ಗುಂಡಿಗೆ 32 ಘನ ಅಡಿ. 36 ಕಿಲೋ ಮೂಟೆಯೊಂದರಿಂದ ಬರೋದು 0.6 ಘನ ಅಡಿ ಮಾತ್ರ. ಅಂದರೆ 54 ಮೂಟೆ, ಹತ್ತಿರಹತ್ತಿರ ಎರಡು ಟನ್. ಭಾನುವಾರ ಬೆಳಿಗ್ಗೆ ಕನ್ನಡ ಕೂಟದ ನಾಲ್ಕು ಗೆಳೆಯರು ಬಂದರು. ಇಬ್ಬರು ಡಾಟಾ ಅನಲಿಸ್ಟು, ಒಬ್ಬ ದಂತವೈದ್ಯ, ಒಬ್ಬ ಬ್ಯಾಂಕಿನವ. ಯಾರ ಕೈಯಲ್ಲೂ ಸಲಿಕೆ ಹಿಡಿದ ಗುರುತಿಲ್ಲ. ಮಧ್ಯಾಹ್ನದ ಹೊತ್ತಿಗೆ ಎಲ್ಲರ ಅಂಗೈಯಲ್ಲೂ ಗುಳ್ಳೆ. ಹೆಂಡತಿ ಮಾಡಿದ ಬಿಸಿಬೇಳೆಬಾತ್‌ಗೆ ಅವತ್ತಿನಷ್ಟು ಗೌರವ ಇನ್ಯಾವತ್ತೂ ಸಿಕ್ಕಿರಲಿಕ್ಕಿಲ್ಲ.

ಅಪ್ಪ ಫೋನಿನಲ್ಲೇ ಮೇಸ್ತ್ರಿ. "ನೀರು ಜಾಸ್ತಿ ಹಾಕ್ಬೇಡ, ಸುರಿಯೋಕೆ ಸುಲಭ ಆಗತ್ತೆ ಅಂತ ಆಸೆ ಪಡ್ಬೇಡ" ಅಂದರು. ಅದು ನಿಜ. ನೀರು ಹೆಚ್ಚಾದಷ್ಟೂ ಕಾಂಕ್ರೀಟಿನ ಬಲ ಕಮ್ಮಿ. ಊರಲ್ಲಿ ಮನೆ ಕಟ್ಟೋವಾಗ ಗೋಣಿಚೀಲ ನೆನೆಸಿ ಹೊದಿಸ್ತಾರಲ್ಲ, ಇಲ್ಲೂ ಅದೇ ಮಾಡಿದೆ. ಒಂದು ವಾರ ತೇವ ಆರದ ಹಾಗೆ ನೋಡ್ಕೊಂಡೆ.

ನಂತರ ಕಾಯೋದು. ಕಾಂಕ್ರೀಟಿನ ಬಲವನ್ನ 28ನೇ ದಿನಕ್ಕೆ ಲೆಕ್ಕ ಹಿಡಿಯೋದು ವಾಡಿಕೆ. ಅಷ್ಟರಲ್ಲಿ ಲಿಫ್ಟೂ ಬಂತು. 700 ಕಿಲೋ ಉಕ್ಕು. ಲಾರಿಯವನು "ಇಳಿಸೋದು ನನ್ನ ಕೆಲಸ ಅಲ್ಲ" ಅಂತ ಕೈಕಟ್ಟಿ ನಿಂತ. ಬಾಡಿಗೆಗೆ ಒಂದು ಫೋರ್ಕ್‌ಲಿಫ್ಟ್ ತರಿಸಬೇಕು ಅನ್ನೋದನ್ನ ನಾನು ಮೊದಲೇ ಯೋಚಿಸಬೇಕಿತ್ತು. ಇಪ್ಪತ್ತನೇ ದಿನ ತಡೆಯಲಾರದೆ "ಇನ್ನು ಎಂಟು ದಿನ ಏನು ಮಹಾ" ಅಂದೆ. ಹೆಂಡತಿ ಫೆಬ್ರವರಿ ನೆನಪಿಸಿದಳು. ಸುಮ್ಮನಾದೆ.

ಟಕ್... ಟಕ್

ಜೂನ್ ಕೊನೆಯ ವಾರ ಕಂಬ ನಿಲ್ಲಿಸಿದೆವು. ಎಂಜಿನ್ ಎತ್ತೋ ಸಣ್ಣ ಕ್ರೇನ್ ಬಾಡಿಗೆಗೆ ತಂದು ಒಂದೊಂದೇ ಕಂಬ ನಿಧಾನಕ್ಕೆ ಎಬ್ಬಿಸಿದ್ದು. ತೂಗುಗುಂಡು ಬಿಟ್ಟು ನೆಟ್ಟಗೆ ನೋಡಿ, ಓರೆಯಿದ್ದ ಕಡೆ ಉಕ್ಕಿನ ತೆಳು ಹಾಳೆ ಕೊಟ್ಟು, ಆಮೇಲೆ ಆಂಕರ್‌ಗೆ ತೂತು. ಕೊರೆದ ಮೇಲೆ ತೂತಿನ ಧೂಳನ್ನ ವ್ಯಾಕ್ಯೂಮ್ ಹಾಕಿ ಪೂರ್ತಿ ತೆಗೀಬೇಕು. ಧೂಳಿದ್ದರೆ ಆಂಕರ್ ಜಾರತ್ತೆ. ಕೊನೆಗೆ ಟಾರ್ಕ್ ವ್ರೆಂಚ್‌ನಲ್ಲಿ ಕೈಪಿಡಿ ಹೇಳಿದಷ್ಟೇ ಬಿಗಿ. ಅಂದಾಜಿಗೆ "ಫುಲ್ ಟೈಟ್" ಅಲ್ಲ.

ಮೋಟರಿಗೆ 220 ವೋಲ್ಟ್ ಬೇಕು. ಇಲ್ಲಿ ಮನೆಯ ಸಾಮಾನ್ಯ ಪ್ಲಗ್ಗಿನಲ್ಲಿ ಬರೋದು 120. ಅದಕ್ಕೆ ಲೈಸೆನ್ಸ್ ಇರೋ ಎಲೆಕ್ಟ್ರಿಷಿಯನ್ ಕರೆಸಿ ಬೇರೆ ಲೈನ್, ಬೇರೆ ಬ್ರೇಕರ್ ಹಾಕಿಸಿದೆ.

ಮೊದಲು ಖಾಲಿ ಲಿಫ್ಟ್ ಏರಿಸಿ ಇಳಿಸಿದೆ. ಮೇಲೇರೋವಾಗ ಎರಡೂ ಕಂಬದ ಸುರಕ್ಷತಾ ಲಾಕ್‌ಗಳು ಒಟ್ಟಿಗೆ "ಟಕ್" ಅನ್ನಬೇಕು. ನಮ್ಮದು "ಟಕ್... ಟಕ್" ಅಂತು. ಎಡಗಡೆ ಮುಂಚೆ, ಬಲಗಡೆ ಒಂದು ಕ್ಷಣ ತಡ. ಅಂದರೆ ಎರಡು ತೋಳುಗಳು ಒಂದೇ ಮಟ್ಟದಲ್ಲಿಲ್ಲ. ಎರಡೂ ಕಡೆಯನ್ನ ಸಮಕ್ಕೆ ಇಡೋದು ಉಕ್ಕಿನ ಕೇಬಲ್‌ಗಳು. ಅವುಗಳ ಬಿಗಿಯನ್ನ ಸ್ವಲ್ಪಸ್ವಲ್ಪವೇ ಹೊಂದಿಸಿ, ಏರಿಸಿ, ಇಳಿಸಿ, ಕೇಳಿ, ಮತ್ತೆ ಹೊಂದಿಸಿ, ಸಂಜೆ ಏಳರ ಹೊತ್ತಿಗೆ ಎರಡು ಟಕ್‌ಗಳು ಒಂದಾದವು. ಆಫೀಸಿನಲ್ಲಿ ಎರಡು ಥ್ರೆಡ್ ಸಿಂಕ್ ಮಾಡೋವಾಗಲೂ ಇಷ್ಟು ತಾಳ್ಮೆ ತೋರಿಸಿಲ್ಲ.

ಮೊದಲ ಸಲ

ಕಾರನ್ನ ಒಳಗೆ ತಂದು, ಕಂಪನಿಯ ಪುಸ್ತಕದಲ್ಲಿ ತೋರಿಸಿದ ನಾಲ್ಕು ಜಾಗಕ್ಕೇ ತೋಳುಗಳನ್ನ ಸರಿಸಿದೆ. ಎಂಜಿನ್ ಮುಂದಿರೋ ಕಾರಿನ ಭಾರ ಮುಂದಕ್ಕೇ ಹೆಚ್ಚು. ಅದನ್ನ ನೋಡಿಯೇ ಕಾರು ನಿಲ್ಲಿಸಬೇಕು. ಚಕ್ರ ನೆಲ ಬಿಟ್ಟು ಒಂದು ಗೇಣು ಏಳ್ತಿದ್ದ ಹಾಗೆ ನಿಲ್ಲಿಸಿ, ಬಂಪರ್ ಹಿಡಿದು ಜೋರಾಗಿ ಅಲ್ಲಾಡಿಸಿದೆ. ಬೀಳೋದಾದರೆ ಇಲ್ಲೇ ಬೀಳಲಿ ಅಂತ. ಅಲ್ಲಾಡಲಿಲ್ಲ.

ಪೂರ್ತಿ ಏರಿಸಿದೆ. ಫೋನ್ ಗೋಡೆಗೆ ಒರಗಿಸಿದ್ದೆ, ಅಪ್ಪ ಆ ಕಡೆಯಿಂದ ನೋಡ್ತಿದ್ರು. ಊರಲ್ಲಿ ಬೆಳಗಿನ ಜಾವ.

ಅಡಿಗೆ ಹೆಜ್ಜೆ ಇಡೋಕೆ ಹೊರಟೆ. "ಏಯ್, ನಿಲ್ಲು. ಈಗ ಅದು ಯಾತರ ಮೇಲೆ ಕೂತಿದೆ?" ಅಂದರು.

ಆಯಿಲ್ ಒತ್ತಡದ ಮೇಲೆ ಕೂತಿತ್ತು. ವಾಪಸ್ ಬಂದು, ಲಿವರ್ ಒತ್ತಿ ಒಂಚೂರು ಇಳಿಸಿದೆ. ಎರಡೂ ಲಾಕ್ ಉಕ್ಕಿನ ಹಲ್ಲಿಗೆ ಕೂತವು. ಆಯಿಲ್ ಸೋರಿದರೂ, ಪೈಪ್ ಒಡೆದರೂ ಈಗ ಕಾರನ್ನ ಹಿಡಿದಿರೋದು ಉಕ್ಕು. ಲಿಫ್ಟ್ ಇರೋ ಪ್ರತಿಯೊಬ್ಬರೂ ಪ್ರತಿ ಸಲವೂ ಮಾಡಬೇಕಾದ ಕೆಲಸ ಇದು. ಅಪ್ಪ ಜೀವನದಲ್ಲಿ ಎರಡು ಕಂಬದ ಲಿಫ್ಟ್ ಮುಟ್ಟಿದವರಲ್ಲ. ಆದರೂ ಸರಿಯಾದ ಪ್ರಶ್ನೆ ಅವರಿಂದಲೇ ಬಂತು.

ಫೆಬ್ರವರಿಯಿಂದ ನಾನು ಆ ಕಾರು ಓಡಿಸಿರಲಿಲ್ಲ. ಕೆಳಗೆ ನಿಂತು ಟಾರ್ಚ್ ಬಿಟ್ಟೆ. ನಾನು ಬಿಚ್ಚೋಕೆ ಹೊರಟಿದ್ದ ಪೈಪು ಹೋಗಲಿ, ಅದರ ಪಕ್ಕದ ಇನ್ನೊಂದು ಬ್ರೇಕ್ ಪೈಪು ಉಗುರಿನಲ್ಲಿ ಕೆರೆದರೆ ಪುಡಿ ಉದುರ್ತಿತ್ತು. ಮಲಗಿ ನೋಡಿದಾಗ ಅದು ಕಂಡೇ ಇರಲಿಲ್ಲ. ಮುಂದಿನ ಎರಡು ವಾರಾಂತ್ಯ ಹಿಂಬದಿಯ ಎಲ್ಲಾ ಬ್ರೇಕ್ ಪೈಪು ಬದಲಾಯಿಸಿದೆ, ನಿಂತುಕೊಂಡು.

ಅಪ್ಪ ಸುಮಾರು ಹೊತ್ತು ನೋಡ್ತಾ ಇದ್ದು, "ಬೆನ್ನು ನೋಯಲ್ಲ ಅಲ್ವಾ?" ಅಂದರು. ಇಲ್ಲ ಅಂದೆ. "ಒಳ್ಳೇದು" ಅಂದು ಫೋನಿಟ್ಟರು.

ಊರಿನ ಗ್ಯಾರೇಜಿಗೆ ಯಾಕೆ ಹಾಕಲಿಲ್ಲ

ಅಪ್ಪನಿಗೂ ಒಂದು ಕೊಡಿಸ್ತೀನಿ ಅಂದೆ. ಅವರು ಬೇಡ ಅನ್ನಲಿಲ್ಲ. ಮಾರನೇ ದಿನ ಒಂದು ಫೋಟೊ ಕಳಿಸಿದರು. ಗ್ಯಾರೇಜಿನ ಮೂಲೆಯಲ್ಲಿ ಹಾರೆಯಿಂದ ಒಡೆದ ನೆಲ, ಪಕ್ಕದಲ್ಲಿ ಸ್ಕೇಲು. ಎರಡು ಇಂಚು ಕಾಂಕ್ರೀಟು, ಕೆಳಗೆ ಗೊಚ್ಚು ಮಣ್ಣು. ಶೀಟಿನ ಎತ್ತರವೂ ಸಾಲದು.

ಬೆಂಗಳೂರು, ಮೈಸೂರಿನಲ್ಲಿ ಸ್ವಂತ ಮನೆ ಇದ್ದು ಈ ಆಸೆ ಇರೋರಿಗೂ ಇದೇ ಮಾತು. ನಮ್ಮ ಪೋರ್ಟಿಕೋಗಳ ಸೂರು ಸಾಮಾನ್ಯವಾಗಿ ಹತ್ತಡಿ, ಅದಕ್ಕಿಂತ ಕಮ್ಮಿಯೂ ಇರಬಹುದು. ಟೈಲ್ಸ್ ಅಡಿಯಲ್ಲಿ ಎಷ್ಟೋ ಕಡೆ ತುಂಬಿದ ಮಣ್ಣಿನ ಮೇಲೆ ತೆಳು ಕಾಂಕ್ರೀಟು. ಮಳೆನೀರು ಹರೀಲಿ ಅಂತ ಇಳಿಜಾರು ಬೇರೆ. ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಆದರೆ ನೀವು ನಿಂತಿರೋದು ಇನ್ನೊಂದು ಅಂತಸ್ತಿನ ಸೂರಿನ ಮೇಲಿರಬಹುದು, ಅಲ್ಲಿ ಡ್ರಿಲ್ ಮಾತೇ ಬೇಡ. ಶೆಡ್ ಹೊಸದಾಗಿ ಕಟ್ಟಿಸೋರು ಮಾತ್ರ ಪಾಯದ ಹಂತದಲ್ಲೇ ಕಂಬದ ಜಾಗಕ್ಕೆ ದಪ್ಪ ಕಾಂಕ್ರೀಟು ಹಾಕಿಸಿಬಿಡಿ. ಆಮೇಲೆ ಒಡೆಯೋದಕ್ಕಿಂತ ಎಷ್ಟೋ ಅಗ್ಗ.

ಅಪ್ಪನಿಗೆ ಕೊನೆಗೆ ಕೊಡಿಸಿದ್ದು ನಾಲ್ಕು ಒಳ್ಳೆ ಜಾಕ್ ಸ್ಟ್ಯಾಂಡು, ಅವುಗಳ ಕೆಳಗೆ ಹಾಸೋಕೆ ದಪ್ಪ ಉಕ್ಕಿನ ತಟ್ಟೆ, ಗುಂಡಿಗೆ ಗಾಳಿ ಹೊರಹಾಕೋ ವ್ಯವಸ್ಥೆ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಗುಂಡಿಯ ತಳದಲ್ಲಿ ಕೂರತ್ತೆ. ಒಂದು ಕಿಡಿ ಸಾಕು. ಹಾಗಾಗಿ ಅಲ್ಲಿ ಹಾಕೋ ಫ್ಯಾನು, ಲೈಟು ಕಿಡಿ ಹಾರದಂಥವೇ ಆಗಿರಬೇಕು. ಮೂವತ್ತು ವರ್ಷ ಅವರು ಅದರಲ್ಲಿ ಹಳೇ ಬಲ್ಬ್ ಹಿಡಿದು ಕೆಲಸ ಮಾಡಿದ್ದು ನೆನೆಸ್ಕೊಂಡರೆ ಮೈ ಜುಂ ಅನ್ನತ್ತೆ.

ಖರ್ಚು ಎಷ್ಟು?

ಎಲ್ಲರೂ ಕೇಳೋ ಪ್ರಶ್ನೆ. ನನಗಾದದ್ದು: ಲಿಫ್ಟ್ 3,900 ಡಾಲರ್, ಸಾಗಣೆ 350, ಪಾಯ 850, ವಿದ್ಯುತ್ 700, ಬಾಗಿಲಿನ ಬದಲಾವಣೆ 1,100. ಒಟ್ಟು 6,900. ಕ್ರೇನು, ಫೋರ್ಕ್‌ಲಿಫ್ಟು, ಎಂಜಿನಿಯರ್ ಫೀಸು, ಪರವಾನಗಿ ಬೇರೆ. ಗೆಳೆಯರ ಕೂಲಿ ಬಿಸಿಬೇಳೆಬಾತ್. ಬರೀ ಹಣ ಉಳಿಸೋಕೆ ಲಿಫ್ಟ್ ಹಾಕ್ತೀನಿ ಅನ್ನೋರಿಗೆ ಹೇಳ್ತೀನಿ, ಲೆಕ್ಕ ಹೊಂದೋಕೆ ವರ್ಷಗಳೇ ಬೇಕು. ಈ ಕೆಲಸದಲ್ಲಿ ನಿಜವಾದ ಇಷ್ಟ ಇದ್ದರೆ ಮಾತ್ರ ಕೈ ಹಾಕಿ.

ನೆನಪಿಡಿ

* ಪ್ಲಾನ್ ನಂಬಬೇಡಿ, ಕಂಬ ನಿಲ್ಲೋ ಎರಡೂ ಜಾಗದಲ್ಲಿ ನೆಲ ಅಳೀರಿ. ಬಿರುಕು, ಅಂಚು, ಜೋಡಣೆಯ ಗೆರೆಗಳಿಂದ ದೂರವಿರಲಿ.
* ನೆಲದಲ್ಲಿ ಕೇಬಲ್, ಪೈಪ್, ವೈರ್ ಇದೆಯಾ ತಿಳೀದೆ ಡ್ರಿಲ್ ಇಡಬೇಡಿ.
* ಎತ್ತರ ಅಳೆಯೋವಾಗ ಬಾಗಿಲು, ದೀಪ, ಫ್ಯಾನ್ ಎಲ್ಲಾ ಸೇರಿಸಿ.
* ಪಾಯ, ವಿದ್ಯುತ್ ಎರಡಕ್ಕೂ ಪರಿಣತರನ್ನ ಕೇಳಿ. ದುಡ್ಡು ಉಳಿಸೋ ಜಾಗ ಇದಲ್ಲ.
* ಒಂದು ಗೇಣು ಎತ್ತಿ, ಅಲ್ಲಾಡಿಸಿ ನೋಡಿ, ಆಮೇಲೆ ಮೇಲೇರಿಸಿ.
* ಲಾಕ್ ಮೇಲೆ ಕೂರಿಸದೆ ಅಡಿಗೆ ಹೋಗಬೇಡಿ. ಐದು ನಿಮಿಷದ ಕೆಲಸ ಆದರೂ ಸರಿ.
* ಎಂಜಿನ್, ಗೇರ್‌ಬಾಕ್ಸ್ ಥರದ ಭಾರ ಬಿಚ್ಚಿದರೆ ಕಾರಿನ ತೂಕದ ಮಧ್ಯ ಸರಿಯತ್ತೆ. ಬಿಚ್ಚೋ ಮುಂಚೆ ಸ್ಟ್ಯಾಂಡ್ ಆಧಾರ ಕೊಡಿ.
* ಲಿಫ್ಟ್ ಏರಿಸೋವಾಗ, ಇಳಿಸೋವಾಗ ಮಕ್ಕಳು, ನಾಯಿ ಗ್ಯಾರೇಜಿನ ಹೊರಗೆ.

ಆಂಕರ್ ಬೋಲ್ಟ್‌ಗಳನ್ನ ಹಾಕಿದ ಮೇಲೆ ಮರೆತುಬಿಡೋ ಹಾಗಿಲ್ಲ. ಆಗಾಗ ಟಾರ್ಕ್ ಮತ್ತೆ ಪರೀಕ್ಷಿಸಬೇಕು. ನಾನು ಫೋನಿನಲ್ಲಿ ರಿಮೈಂಡರ್ ಇಟ್ಟಿದೀನಿ. ಅದಕ್ಕಿಂತ ಮುಂಚೆ ಅಪ್ಪನ ಮೆಸೇಜ್ ಬರತ್ತೆ. ಈ ಭಾನುವಾರದ್ದು ಇವತ್ತೇ ಬಂದಿದೆ: "ಬೋಲ್ಟ್ ನೋಡು."